ಯಾರಿಗಾದರೂ ಹೊಳೆಯುವಂಥದ್ದು

ಜೂನ್ ೪

ಅಖಂಡ ಲೇಪ ಸಾಮ್ರಾಜ್ಯದ ಒಡತಿಯೂ, ಚಿಕ್ಕಂದಿನಿಂದ ನನ್ನ ಕಿವಿ ಹಿಂಡುತ್ತ ಬಂದವಳೂ ಆದ ಅಕ್ಕನ ಸನ್ನಿಧಾನಕ್ಕೆ, ಪೇಟೆಂಟ್ ವಕೀಲರ ಕಚೇರಿಯ ಅತಿ ಕಿರಿಯ ಸಹಾಯಕನೂ, ಮುರಿದ ಕುರ್ಚಿಗೆ ಕಾನೂನು ಪುಸ್ತಕಗಳನ್ನೇ ನಾಲ್ಕನೆಯ ಕಾಲಾಗಿ ಕೊಟ್ಟು ಕೂತವನೂ ಆದ ಕಪಿ ಮಾಡುವ ಅರಿಕೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಹತ್ತು ಮಾತಾಡಿದರೆ ನೀನು ಒಂದು 'ಹ್ಞೂಂ' ಎಂದು ಇಟ್ಟುಬಿಡುತ್ತೀ. ಕಾಗದದಲ್ಲಿ ಬರೀ ಹ್ಞೂಂ ಎಂದು ಬರೆದು ಅಂಚೆಚೀಟಿ ಹಚ್ಚಲು ನಿನಗಾದರೂ ನಾಚಿಕೆಯಾದೀತು.

ನಿನ್ನ ಮೇಲ್ಮನವಿ ಪೇಟೆಂಟ್ ಮಂಡಳಿಯ ಮುಂದೆ ಬಂದಿದೆ. ನಿನ್ನದೂ ಭಾವನದೂ ಹೆಸರಿರುವ ಆ ಅರ್ಜಿಯನ್ನು ಪರೀಕ್ಷಕ ತಿರಸ್ಕರಿಸಿದ್ದು ಒಂದೇ ಕಾರಣಕ್ಕೆ. ಕಬ್ಬಿಣ ಕೊರೆಯುವ ಕಟರಿನ ಮೇಲೆ ಗಟ್ಟಿ ಲೇಪ, ಅದರ ಮೇಲೊಂದು ತೆಳ್ಳನೆಯ ಮೆತ್ತನೆಯ ಲೇಪ, ಮತ್ತೆ ಗಟ್ಟಿ, ಮತ್ತೆ ಮೆತ್ತಗೆ, ಹೀಗೆ ಪದರ ಪದರವಾಗಿ ಕೂರಿಸಿದರೆ ಕಟರ್ ಬೇಗ ಸವೆಯುವುದಿಲ್ಲ ಎಂಬುದು ಈ ಕಸುಬು ಬಲ್ಲ ಯಾರಿಗಾದರೂ ಹೊಳೆಯುವಂಥದ್ದಂತೆ. ಆಧಾರಕ್ಕೆ ಎರಡು ಹಳೆಯ ಲೇಖನ ಹಿಡಿದಿದ್ದಾನೆ. ಒಂದು ಗಟ್ಟಿ ಲೇಪದ್ದು. ಇನ್ನೊಂದರಲ್ಲಿ ಮೆತ್ತನೆಯ ಪದರವಿದೆ, ಆದರೆ ಅದು ಬೇರಿಂಗಿನ ಮೇಲೆ. ಎರಡೂ ಕಡೆಯವರನ್ನು ಒಂದು ಮಾತು ಕೇಳದೆ ಮದುವೆ ಮಾಡಿಸಿ, ನಿನ್ನ ಪದರಗಳು ಇವರದೇ ಕೂಸು ಎಂದುಬಿಟ್ಟಿದ್ದಾನೆ.

ಈ 'ಕಸುಬು ಬಲ್ಲ ಸಾಮಾನ್ಯ ಮನುಷ್ಯ' ಎಂಬವನು ಕಾನೂನು ಹುಟ್ಟಿಸಿದ ಪ್ರಾಣಿ. ಲೋಕದ ಎಲ್ಲ ಲೇಖನಗಳನ್ನೂ ಓದಿದ್ದಾನೆ, ಒಂದನ್ನೂ ಮರೆತಿಲ್ಲ. ಆದರೆ ಸ್ವಂತ ಕಲ್ಪನೆ ಎಳ್ಳಷ್ಟೂ ಇಲ್ಲ. ನಮ್ಮ ದೊಡ್ಡಪ್ಪ, ಇನ್ನೊಂದಿಷ್ಟು ಓದಿಕೊಂಡಿದ್ದರೆ.

ಅವನಿಗೆ ಇದು ಹೊಳೆಯುತ್ತಿರಲಿಲ್ಲ ಎಂದು ತೋರಿಸಲು ನಮಗೆ ಬೇಕಾದದ್ದು ನಿನ್ನ ಸೋಲುಗಳು. ಸುಲಭಕ್ಕೆ ಹೊಳೆದದ್ದಾದರೆ ಯಾರೂ ಅಷ್ಟು ಸಲ ಸೋಲುವುದಿಲ್ಲ, ಇದು ನಮ್ಮ ಸೀನಿಯರ್ ವಕೀಲರ ವಾದ. ಆದ್ದರಿಂದ ಸಿಪ್ಪೆಯೆದ್ದ, ಬಿರುಕು ಬಿಟ್ಟ, ಮಾನ ಕಳೆದ ಕಟರುಗಳನ್ನೆಲ್ಲ ಕಳಿಸು. ಭೂಲೋಕದಲ್ಲಿ ಸೋಲಿಗೆ ಬೆಲೆಯಿರುವ ಕಚೇರಿ ಇದೊಂದೇ. ಭಾವನಿಗೂ ಒಂದು ಸಾಲು ಬರೆಯಲು ಹೇಳು. ಮದುವೆಯಾದ ಮೇಲೆ ಆ ಮನುಷ್ಯನ ಅಕ್ಷರವನ್ನೇ ಕಂಡಿಲ್ಲ.

ಕಪಿ


ಜೂನ್ ೧೫

ಕಪಿಗೆ,

ಕಟರುಗಳನ್ನು ಡಬ್ಬಿಯಲ್ಲಿ ಕಳಿಸಿದ್ದೇನೆ. ಒಂದೊಂದಕ್ಕೂ ಏನಾಯಿತೆಂದು ಚೀಟಿ ಕಟ್ಟಿದೆ. ಸಿಪ್ಪೆಯೆದ್ದದ್ದು ಲೇಪ ಕೂರಿಸುವ ಚೇಂಬರಿನಲ್ಲಿ ಗಾಳಿ ಪೂರ್ತಿ ಹೋಗಿರಲಿಲ್ಲವೆಂದು. ಕಪ್ಪಾದದ್ದು ಶಾಖ ಹೆಚ್ಚಾಗಿ. ಚಿನ್ನದ ಬಣ್ಣದಲ್ಲಿ ಚೆನ್ನಾಗಿ ಕಾಣುವುದೇ ಎಲ್ಲಕ್ಕಿಂತ ಕೆಟ್ಟದ್ದು, ಉಗುರಿನಲ್ಲಿ ಕೆರೆದರೆ ಬರುತ್ತದೆ.

ಇಲ್ಲಿ ಎಲ್ಲ ಎಂದಿನಂತೆ. ನಿನ್ನ ಭಾವ ಈಗ ಬರೆಯುವುದಿಲ್ಲ.

ಒಂದು ಕೇಳಬೇಕಿತ್ತು. ಆ ಸಾಮಾನ್ಯ ಮನುಷ್ಯನಿಗೆ ಇದು ಹೊಳೆಯುತ್ತಿತ್ತು ಎನ್ನುತ್ತಾರಲ್ಲ, ಯಾವ ಹೊತ್ತಿಗೆ? ನಾವು ಅರ್ಜಿ ಹಾಕಿದ ದಿನಕ್ಕೋ, ಅದಕ್ಕೂ ಮೊದಲೋ?

ಅಕ್ಕ


ಜೂನ್ ೨೨

ಸೋಲುಗಳ ಮಹಾರಾಣಿಗೆ ಜಯವಾಗಲಿ.

ನಿನ್ನ ಡಬ್ಬಿ ಬಿಚ್ಚಿದಾಗ ಇಡೀ ಕಚೇರಿ ಎದ್ದು ನಿಂತಿತು. (ಊಟದ ಹೊತ್ತಾಗಿತ್ತು. ಆದರೂ ನಿಂತದ್ದು ನಿಜ.) ಸೀನಿಯರ್ ಕಪ್ಪಾದ ಕಟರನ್ನು ಬೆಳಕಿಗೆ ಹಿಡಿದು, "ಎಷ್ಟು ಚೆನ್ನಾಗಿ ಕೆಟ್ಟಿದೆ" ಅಂದರು. ಅವರು ತಮ್ಮ ಸ್ವಂತ ಮಗನನ್ನೂ ಅಷ್ಟು ಪ್ರೀತಿಯಿಂದ ನೋಡಿದವರಲ್ಲ.

ನೀನು ಕಾನೂನು ಕಲಿಯಲು ಹೊರಟ ಹಾಗಿದೆ, ನನ್ನ ಅನ್ನಕ್ಕೆ ಕಲ್ಲು. ಉತ್ತರ ಇದು: ಅರ್ಜಿ ಹಾಕಿದ ದಿನವನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಆದರೆ ಆ ಎರಡು ಲೇಖನಗಳೂ ಅದಕ್ಕಿಂತ ಎಷ್ಟೋ ಹಳೆಯವು. ಆದ್ದರಿಂದ ಪರೀಕ್ಷಕನ ಪ್ರಕಾರ ನೀನು ಚೇಂಬರಿನ ಬಾಗಿಲು ಮೊದಲ ಸಲ ತೆರೆಯುವ ಮುಂಚೆಯೇ ಅದು ಹೊಳೆಯಬೇಕಿತ್ತು. ಇಂಥ ಮೂರ್ಖರ ಜೊತೆ ನಾವು ಹೆಣಗಬೇಕು.

ಈಗ ತೊಡಕು. ಸೀನಿಯರ್ ಕನ್ನಡಕ ಹಣೆಗೇರಿಸಿ ಕೇಳಿದರು, "ಇದೆಲ್ಲಾ ತೆಳು ಲೇಪ ಕಣಯ್ಯ. ದಪ್ಪಗೆ ಒಂದೇ ಗಟ್ಟಿ ಲೇಪ ಹಾಕಿ ನೋಡಿಲ್ವಾ ನಿಮ್ಮಕ್ಕ? ಯಾರಾದ್ರೂ ಮೊದಲು ಮಾಡೋದು ಅದನ್ನೇ. ದಪ್ಪ ಹಾಕಿದ್ರೆ ಜಾಸ್ತಿ ದಿನ ಬರುತ್ತೆ ಅಂತ ಎಲ್ರೂ ಅಂದ್ಕೊಂಡಿದ್ರು, ಅದು ಸುಳ್ಳಾಯ್ತು, ಆಮೇಲೇ ಪದರದ ಯೋಚನೆ ಬಂತು ಅಂದ್ರೆ ಕೇಸ್ ಗೆದ್ದ ಹಾಗೆ."

ಹಾಕಿದ್ದೆಯಾ? ಕಟರನ್ನು ಮಿಲ್ಲಿಂಗ್ ಯಂತ್ರಕ್ಕೆ ಕಟ್ಟಿ ಓಡಿಸುವವನು ಭಾವ ತಾನೇ, ಅವನೇ ಕಣ್ಣಾರೆ ಕಂಡದ್ದನ್ನು ಬರೆದು ಒಂದು ಅಫಿಡವಿಟ್ ಕೊಡಲಿ. ನೋಡಿದವನ ಮಾತಿಗೇ ತೂಕ. ಹೋದ ವರ್ಷ ಕಣ್ಣಿಗೆ ಏನೋ ಸಿಡಿದು ಪೆಟ್ಟಾಗಿದೆ ಅಂದಿದ್ದೆಯಲ್ಲ, ಇನ್ನೂ ಅದೇ ನೆಪ ಹೇಳಿಕೊಂಡು ಹಾಸಿಗೆಯಲ್ಲಿ ಕಾಫಿ ತರಿಸಿಕೊಳ್ಳುತ್ತಿದ್ದಾನೋ?

ಕಪಿ


ಜುಲೈ ೧೯

ಕಪಿಗೆ,

ನೀನು ಎರಡು ಸಲ ಜ್ಞಾಪಿಸಿದೆ. ಕೆಲಸ ಇತ್ತು.

ದಪ್ಪ ಲೇಪ ಹಾಕಿದ್ದೆವು. ನಿಲ್ಲಲಿಲ್ಲ. ಕಟರ್ ಮುರಿಯಿತು. ಇಷ್ಟು ಬರೆದುಕೊಳ್ಳಿ. ಚೂರುಗಳು ಇಲ್ಲ.

ನಿನ್ನ ಭಾವ ಅಫಿಡವಿಟ್ ಕೊಡುವುದಿಲ್ಲ. ಅವರನ್ನು ನಾನು ಕೇಳುವುದೂ ಇಲ್ಲ. ನೀನೂ ಕೇಳಬೇಡ.

ಪೇಟೆಂಟ್ ಸಿಕ್ಕರೆ ಏನು ಬರುತ್ತದೆ, ಯಾರು ಕೊಳ್ಳುತ್ತಾರೆ ಎಂದೆಲ್ಲ ನಿಮ್ಮ ಸೀನಿಯರ್ ಬರೆದಿದ್ದಾರೆ. ಅದು ಹಾಗಿರಲಿ. ಗೆದ್ದರೆ ಆದೇಶದಲ್ಲಿ ಹೀಗೆ ಬರೆಯುತ್ತಾರೋ ಎಂದು ಕೇಳಿ ಹೇಳು: ಇದು ಆಗ ಯಾರಿಗೂ ಹೊಳೆಯುವಂತಿರಲಿಲ್ಲ ಎಂದು. ಅದೇ ಮಾತಿನಲ್ಲಿ ಬರೆಯುತ್ತಾರೆಯೇ?

ಅಕ್ಕ


ಜುಲೈ ೨೫

ಪರಮಪೂಜ್ಯ ಅಕ್ಕನಿಗೆ,

ಬರೆಯುತ್ತಾರೆ, ಬಹುಮಟ್ಟಿಗೆ ಅದೇ ಮಾತಿನಲ್ಲಿ. ಬೇಕಾದರೆ ಚೌಕಟ್ಟು ಹಾಕಿಸಿ ವರ್ಕ್‌ಶಾಪಿನ ಗೋಡೆಗೆ ತೂಗುಹಾಕು. ಹೊಗಳಿಸಿಕೊಳ್ಳುವ ಆಸೆ ನಿನಗೂ ಉಂಟು ಎಂದು ಇವತ್ತು ಗೊತ್ತಾಯಿತು. ಒಳ್ಳೆಯದೇ ಆಯಿತು, ಮನುಷ್ಯಳೇ ನೀನು.

ಆದರೆ 'ನಿಲ್ಲಲಿಲ್ಲ, ಮುರಿಯಿತು' ಎಂಬ ಎರಡು ಪದದಿಂದ ಮಂಡಳಿಯ ಹೊಟ್ಟೆ ತುಂಬುವುದಿಲ್ಲ. ಕಾಗದ ಓದಿದೊಡನೆ ನನಗೆ ಸಂಗತಿ ತಿಳಿಯಿತು. ನಿಮ್ಮಿಬ್ಬರಿಗೂ ಮಾತಿಲ್ಲ, ಕತೆಯಿಲ್ಲ. ಅದಕ್ಕೇ ಈ 'ಕೇಳುವುದೂ ಇಲ್ಲ'. ಒಂದೇ ಸೂರಿನ ಕೆಳಗೆ ಎಣ್ಣೆ ಸೀಗೆಕಾಯಿ. ಕಟರ್ ಮುರಿದದ್ದು ನಿನ್ನ ಲೇಪದಿಂದ ಎಂದು ಅವನು, ಅವನ ಯಂತ್ರದಿಂದ ಎಂದು ನೀನು, ಹೀಗೆ ಶುರುವಾಗಿರಬೇಕು. ಹೇಳಬೇಡ, ಊಹಿಸಿದೆ.

ಗಂಡ ಹೆಂಡಿರ ಮೌನಕ್ಕೆ ನನ್ನ ಬಳಿ ಮದ್ದಿದೆ. ಬೇರೆ ಅಂಚೆಯಲ್ಲಿ ರವಾನಿಸಿದ್ದೇನೆ. ಬಿದ್ದು ಬಿದ್ದು ನಕ್ಕ ಮೇಲೆ ಇಬ್ಬರೂ ಕೂತು ಅಫಿಡವಿಟ್ ಬರೆಯಿರಿ. ವಿಚಾರಣೆ ಆಗಸ್ಟ್ ೨೦ಕ್ಕೆ.

ಕಪಿ


ಆಗಸ್ಟ್ ೩

ಕಪಿಗೆ,

ಸೀನಿಯರ್ ಹೆಸರಿಗೆ ಬೇರೆ ಲಕೋಟೆಯಲ್ಲಿ ನನ್ನ ಅಫಿಡವಿಟ್ ಇದೆ. ನೋಟರಿ ಮುಂದೆ ಸಹಿ ಮಾಡಿದ್ದೇನೆ. ಅದರಲ್ಲಿ ಇರುವುದನ್ನು ಗುಮಾಸ್ತರ ಬಾಯಿಂದ ನೀನು ಕೇಳುವುದು ಬೇಡವೆಂದು ಇದನ್ನು ಬರೆಯುತ್ತಿದ್ದೇನೆ.

ದಪ್ಪಗೆ ಹಾಕಿದರೆ ಹೆಚ್ಚು ಬಾಳುತ್ತದೆ ಎಂದು ಇಬ್ಬರೂ ನಂಬಿದ್ದೆವು. ಪುಸ್ತಕವೂ ಹಾಗೇ ಹೇಳುತ್ತಿತ್ತು. ಒಂದು ಇಡೀ ದಿನ ಚೇಂಬರ್ ಓಡಿಸಿ ದಪ್ಪ ಲೇಪ ಕೂರಿಸಿದೆ. ತೆಗೆದಾಗ ಎಷ್ಟು ಚೆಂದವಿತ್ತೆಂದರೆ ನಿನ್ನ ಭಾವ, "ಇದನ್ನ ಕಿವಿಗೆ ಹಾಕ್ಕೋ, ಕಬ್ಬಿಣಕ್ಕೆ ಯಾಕೆ ಕೊಡ್ತೀಯ" ಅಂದರು. ಅಂಥ ಲೇಪ ತನ್ನೊಳಗೇ ಬಿಗಿದುಕೊಂಡಿರುತ್ತದೆ. ದಪ್ಪವಾದಷ್ಟೂ ಬಿಗಿತ ಹೆಚ್ಚು. ಈಗ ಗೊತ್ತು. ಕಟರ್ ಕಬ್ಬಿಣಕ್ಕೆ ತಾಗಿದ ಸ್ವಲ್ಪ ಹೊತ್ತಿಗೆ ಲೇಪ ಎದ್ದು ನಡುವೆ ಸಿಕ್ಕಿಕೊಂಡಿತು, ಕಟರ್ ಒಡೆಯಿತು. ಮುಂದೆ ಪ್ಲಾಸ್ಟಿಕ್ ಗಾರ್ಡ್ ಇತ್ತು, ತಡೆಯಲಿಲ್ಲ. ನಿನ್ನ ಭಾವ ಬಗ್ಗಿ ನೋಡುತ್ತಿದ್ದರು.

ಎರಡು ಕಣ್ಣೂ ಹೋಗಿವೆ. 'ಪೆಟ್ಟು' ಎಂದು ನಿನಗೆ ಬರೆದದ್ದು ಆಸ್ಪತ್ರೆಯ ಕಾರಿಡಾರಿನಿಂದ, ಆಗ ಇನ್ನೂ ಒಂದರ ಆಸೆ ಇತ್ತು. ಆಮೇಲೆ ಬರೆಯಲು ಕೈ ಬರಲಿಲ್ಲ.

ನಡುವೆ ಮೆತ್ತನೆಯ ಪದರ ಕೊಟ್ಟರೆ ಬಿಗಿತ ಸಡಿಲವಾಗುತ್ತದೆ ಎಂದು ನನಗೆ ಹೊಳೆದದ್ದು ಅವರ ಬ್ಯಾಂಡೇಜ್ ಬಿಚ್ಚಿದ ವಾರ. ಆಸ್ಪತ್ರೆಯ ಬೆಂಚಿನ ಮೇಲೆ.

ಈಗ ನಿಮ್ಮ ಪರೀಕ್ಷಕ ಹೇಳುತ್ತಾನೆ, ಅದು ಯಾರಿಗಾದರೂ ಮೊದಲೇ ಹೊಳೆಯುವಂಥದ್ದೆಂದು. ಯಾರಿಗಾದರೂ ಹೊಳೆಯುವಂಥದ್ದು ನನಗೊಬ್ಬಳಿಗೆ ಯಾಕೆ ಹೊಳೆಯಲಿಲ್ಲ, ಹೇಳು. ನನಗೆ ಬೇಕಾದದ್ದು ಈ ಉತ್ತರ ಒಂದೇ. ಹೊಗಳಿಕೆ ಅಲ್ಲ.

ಅಕ್ಕ


ಆಗಸ್ಟ್ ೧೦

ಅಕ್ಕಾ,

ಎಷ್ಟು ಸಲ ಬರೆಯಲು ಕೂತೆನೋ. ನನಗೆ ಬರುವುದೆಲ್ಲ ಒಂದೇ ಧಾಟಿ, ಇವತ್ತು ಅದು ಬೇಡ.

ಅಫಿಡವಿಟ್ ದಾಖಲಾಯಿತು. ಸೀನಿಯರ್ ಓದಿ ಕನ್ನಡಕ ತೆಗೆದಿಟ್ಟರು. ಆಮೇಲೆ, "ಇದಕ್ಕಿಂತ ಗಟ್ಟಿ ಸಾಕ್ಷಿ ನಾನು ಕಂಡಿಲ್ಲ. ಇಂಥ ಸಾಕ್ಷಿ ಇರಬಾರದಾಗಿತ್ತು" ಅಂದರು. ಗೆಲ್ಲುತ್ತೇವೆ ಎಂದೇ ಅವರ ನಂಬಿಕೆ.

ಭಾವನ ಹೆಸರಿಗೆ ನನ್ನಿಂದ ಒಂದು ಲಕೋಟೆ ಬಂದಿರಬಹುದು. ಏನೂ ಇಲ್ಲ ಅದರಲ್ಲಿ, ತಲೆಹರಟೆ. ಒಡೆಯದೆ ಒಲೆಗೆ ಹಾಕು.

ಬಂದು ನೋಡಲೇ?

ಕಪಿ


ಆಗಸ್ಟ್ ೨೩

ಅಕ್ಕಾ,

ವಿಚಾರಣೆ ಮುಗಿಯಿತು. ಕಿಟಕಿಯಿಲ್ಲದ ಕೋಣೆ, ಎತ್ತರದ ಮೇಜು, ಹಿಂದೆ ಮೂವರು ಸದಸ್ಯರು. ನಡುವಿನವರಿಗೆ ನೆಗಡಿ. ಸೀನಿಯರ್ ಅಷ್ಟು ಚೆನ್ನಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ನಿನ್ನ ಅಫಿಡವಿಟ್ ಓದುವಾಗ ಪರೀಕ್ಷಕನೂ ತಲೆ ತಗ್ಗಿಸಿದ.

ಆಮೇಲೆ ನಡುವಿನ ಸದಸ್ಯರು ಫೈಲಿನಿಂದ ಒಂದು ಹಾಳೆ ತೆಗೆದರು. "ಇನ್ನೊಬ್ಬ ಅರ್ಜಿದಾರರು ನಮಗೆ ನೇರವಾಗಿ ಬರೆದಿದ್ದಾರಲ್ಲ, ಇದು ತಮಗೆ ಗೊತ್ತೇ?" ಎಂದರು. ಸೀನಿಯರಿಗೆ ಗೊತ್ತಿರಲಿಲ್ಲ. ಸದಸ್ಯರೇ ಓದಿದರು. 'ನನ್ನ ಹೆಂಡತಿಯ ಲೇಪದಲ್ಲಿ ಯಾವ ದೋಷವೂ ಇರಲಿಲ್ಲ. ಕಟರನ್ನು ಸಡಿಲವಾಗಿ ಕಟ್ಟಿದ್ದು ನಾನು. ಮುರಿದದ್ದು ಅದರಿಂದ. ತಪ್ಪೆಲ್ಲ ನನ್ನದು, ಅವಳನ್ನು ಇದಕ್ಕೆ ಎಳೆಯಬೇಡಿ.' ಕೆಳಗೆ ಹೆಬ್ಬೆಟ್ಟು.

ಪರೀಕ್ಷಕ ಎದ್ದು ಒಂದೇ ಮಾತು ಹೇಳಿದ. ಕಟರ್ ಮುರಿದದ್ದು ಸಡಿಲ ಕಟ್ಟಿದ್ದರಿಂದಲಾದರೆ, ದಪ್ಪ ಲೇಪ ಸೋತಿತು ಎನ್ನಲು ಆಧಾರವೇ ಇಲ್ಲ ಎಂದ.

ಭಾವ ಯಾಕೆ ಬರೆದನೋ. ಆದೇಶ ಕಾಯ್ದಿರಿಸಿದ್ದಾರೆ. ಇನ್ನೂ ಆಸೆ ಬಿಡಬೇಡ.

ಕಪಿ


ಆಗಸ್ಟ್ ೩೧

ಕಪಿಗೆ,

ಅವರು ಯಾಕೆ ಬರೆದರು ಎಂದು ನಿನಗೆ ಗೊತ್ತು.

ನಿನ್ನ ಲಕೋಟೆ ಒಲೆಗೆ ಹೋಗಲಿಲ್ಲ. ಒಲೆಗೆ ಹಾಕು ಎಂಬ ನಿನ್ನ ಕಾಗದಕ್ಕಿಂತ ಮುಂಚೆಯೇ ಬಂದಿತ್ತು, ನಾನು ವರ್ಕ್‌ಶಾಪಿನಲ್ಲಿದ್ದೆ. ಅತ್ತೆ ಒಡೆದು ಮಗನಿಗೆ ಓದಿ ಹೇಳಿದ್ದಾರೆ. ನಿನ್ನೆ ನಿನ್ನ ಭಾವನ ದಿಂಬಿನ ಕೆಳಗೆ ಸಿಕ್ಕಿತು. ಮಂಡಳಿಯ ವಿಳಾಸ, ಮೊಹರು, ಎಲ್ಲ ಅಚ್ಚುಕಟ್ಟು. 'ದಪ್ಪ ಲೇಪದ ಕಟರ್ ಮುರಿದ ವಿಚಾರದಲ್ಲಿ ಮೌನ ವಹಿಸಿರುವ ಆಪಾದನೆಯ ಮೇಲೆ ತಾವು ಈ ಕೂಡಲೇ ಉತ್ತರಿಸತಕ್ಕದ್ದು. ತಪ್ಪಿದಲ್ಲಿ ತಮ್ಮ ಬದಲಿಗೆ ತಮ್ಮ ಧರ್ಮಪತ್ನಿಯನ್ನು ಹಿಡಿದು ತರಲಾಗುವುದು.' ಮೊಹರಿನ ನಡುವೆ ಬಾಲ ಸುತ್ತಿಕೊಂಡು ಕೋತಿ ಕೂತಿದೆ. ನಿನ್ನ ಭಾವನಿಗೆ ಕಣ್ಣಿದ್ದಿದ್ದರೆ ಮೊದಲು ಅದನ್ನೇ ನೋಡಿ ನಗುತ್ತಿದ್ದರು. ಅತ್ತೆಗೆ ಅದು ದುಂಡಗಿನ ಮೊಹರು ಅಷ್ಟೇ.

ಅತ್ತೆಯನ್ನು ಕೇಳಿದೆ.

"ನಾನೇನ್ ಮಾಡ್ಲಿ, ಓದು ಅಂದ, ಓದ್ದೆ. ಎರಡು ಸಲ ಓದಿಸ್ದ. 'ಅವಳನ್ನ ಹಿಡಿದು ತರ್ತೀವಿ' ಅನ್ನೋದನ್ನ ಮತ್ತೆ ಮತ್ತೆ ಓದಿಸ್ದ. ಆಮೇಲೆ ಕಾಗದ ತಗೋ, ನಾನು ಹೇಳಿದ್ದು ಬರಿ ಅಂದ."

"ನನಗೊಂದು ಮಾತು ಹೇಳಬಾರ್ದಿತ್ತಾ ಅತ್ತೆ?"

"ಅವಳಿಗೆ ಹೇಳಿದ್ರೆ ನನ್ನ ಮೇಲಾಣೆ ಅಂದ. ನಿನಗೋಸ್ಕರಾನೇ ಮಾಡ್ದ ಕಣೇ. ನಾನು ಅಂಚೆ ಡಬ್ಬಕ್ಕೆ ಹಾಕಿ ಬಂದೆ, ಅವತ್ತು ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಉಂಡ."

ನಿನ್ನ ಭಾವನ ಹತ್ತಿರ ಹೋಗಿ ಕೂತೆ. "ಸಡಿಲ ಕಟ್ಟಿದ್ದು ನಿಜಾನಾ?" ಎಂದೆ. "ಕಟ್ಟಿರಬಹುದು" ಎಂದರು. "ಕಟ್ಟಿರಬಹುದು ಅಂದ್ರೆ?" "ಅಂದ್ರೆ ಕಟ್ಟಿದ್ದೆ. ಬಿಡು." ಆ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದರು.

ಇಪ್ಪತ್ತು ವರ್ಷದಿಂದ ಕಟರ್ ಕಟ್ಟಿದ ಕೈ ಅದು. ಸುಳ್ಳು ಹೇಳುತ್ತಿದ್ದಾರೋ, ನಿಜವೋ, ನನ್ನನ್ನು ಬಿಡಿಸಲು ತಾವೇ ನಂಬಿಬಿಟ್ಟಿದ್ದಾರೋ, ತಿಳಿಯುವುದಿಲ್ಲ. ಮುಂಚೆ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಈಗ ಆ ಮುಖದಲ್ಲಿ ಓದಲು ಏನೂ ಉಳಿದಿಲ್ಲ.

ನೀನು ಈಗ ಬರಬೇಡ. ಬೈಯಲು ನನಗೆ ಶಕ್ತಿಯಿಲ್ಲ.

ಅಕ್ಕ


ಸೆಪ್ಟೆಂಬರ್ ೨೭

ಅಕ್ಕಾ,

ಮೇಲ್ಮನವಿ ವಜಾ ಆಯಿತು.

ಆದೇಶದ ಪ್ರತಿ ಜೊತೆಗಿದೆ. ಸುದ್ದಿಯನ್ನು ಸ್ವಲ್ಪ ಸ್ವಲ್ಪವಾಗಿ ತಿಳಿಸೋಣವೆಂದು ಸುತ್ತಿ ಬಳಸಿ ಬರೆದಿದ್ದೆ, ಹರಿದುಹಾಕಿದೆ. ನೀನು ಹುಡುಕುವ ಸಾಲು ಕೊನೆಯ ಪುಟದಲ್ಲಿದೆ: 'ಗಟ್ಟಿ ಪದರಗಳ ನಡುವೆ ಮೆತ್ತನೆಯ ಪದರವನ್ನು ಇರಿಸುವುದು ಈ ಕಸುಬು ಬಲ್ಲ ಸಾಮಾನ್ಯ ವ್ಯಕ್ತಿಗೆ ಸಹಜವಾಗಿಯೇ ಹೊಳೆಯುವಂಥದ್ದು.' ಭಾವನ ಕಾಗದವನ್ನು ಎರಡು ಕಡೆ ಎತ್ತಿ ಹೇಳಿದ್ದಾರೆ.

ನಾನು ತಮಾಷೆಗೆ ಬರೆದ ಆ ಸುಳ್ಳು ಸಮನ್ಸಿನ ವಿಷಯ ಸೀನಿಯರ್‌ಗೆ ಹೇಳಿದೆ. ಅವರು ಕೂಗಾಡಲಿಲ್ಲ. "ಮೊಹರು ಬಿಡಿಸೋಕೆ ಎಷ್ಟು ಹೊತ್ತು ಹಿಡೀತು?" ಎಂದು ಕೇಳಿದರು. ಒಂದು ಮಧ್ಯಾಹ್ನ ಎಂದೆ. "ನಾಳೆಯಿಂದ ಬರಬೇಡ" ಎಂದರು. ಮಂಡಳಿಗೂ ಅವರೇ ತಿಳಿಸಿದ್ದಾರೆ. ನನ್ನ ಮೇಲೆ ಏನು ಕ್ರಮವೋ ಅದು ಬರುತ್ತದೆ, ಬರಲಿ.

ಒಂದು ದಾರಿ ಇದೆ, ಸೀನಿಯರೇ ಹೇಳಿ ಕಳಿಸಿದ್ದು. ಆ ಕಾಗದ ಸುಳ್ಳು, ಹೆದರಿ ಬರೆದದ್ದು, ಕಟರನ್ನು ಬಿಗಿಯಾಗಿಯೇ ಕಟ್ಟಿದ್ದೆ ಎಂದು ಭಾವ ಪ್ರಮಾಣ ಮಾಡಿದರೆ ಮರುಪರಿಶೀಲನೆ ಕೇಳಬಹುದು. ಅಕ್ಟೋಬರ್ ಕೊನೆಯವರೆಗೆ ಸಮಯವಿದೆ. ಭಾವನಿಗೆ ನಾನು ಏನೂ ಬರೆಯುವುದಿಲ್ಲ. ಅಷ್ಟು ಬುದ್ಧಿ ಬಂದಿದೆ. ಕೇಳುವುದು ಬಿಡುವುದು ನಿನಗೆ ಸೇರಿದ್ದು.

ಅಕ್ಕಾ, ಆ ಸಾಲು ಬರೆದವರು ಮೂವರೂ ಮೇಜಿನ ಹಿಂದೆ ಕೂತವರು, ಕಟರ್ ಮುಟ್ಟಿದವರಲ್ಲ. ಇಷ್ಟೇ ನನಗೆ ಹೇಳಲು ಬರುವುದು.

ಕಪಿ


ಅಕ್ಟೋಬರ್ ೧೪

ಕಪಿಗೆ,

ಆದೇಶ ಓದಿದೆ. ಅವರಿಗೂ ಓದಿ ಹೇಳಿದೆ. ಎಲ್ಲಾ ಕೇಳಿ, "ಹಾಗಾದ್ರೆ ನಿನ್ನನ್ನ ಹಿಡ್ಕೊಂಡು ಹೋಗಲ್ಲ ತಾನೇ?" ಎಂದರು. ನಿನ್ನ ಕೋತಿಯ ಸಂಗತಿ ಆಗ ಹೇಳಿದೆ. ಆಮೇಲೆ, "ಬಾಲ ಚೆನ್ನಾಗಿ ಬರೆದಿದ್ನಾ?" ಎಂದರು. ನಗಲಿಲ್ಲ.

ಪ್ರಮಾಣ ಮಾಡುತ್ತೀರಾ ಎಂದು ನಾನು ಕೇಳಲಿಲ್ಲ. ಕೇಳಿದರೆ ನನಗೆ ಯಾವುದು ಬೇಕೋ ಅದನ್ನೇ ಹೇಳುತ್ತಾರೆ, ಅದರಿಂದ ನನಗೇನು ಗೊತ್ತಾದ ಹಾಗಾಯಿತು? ಬೇರೆ ಕೆಲಸ ಮಾಡಿದೆ. ಚೇಂಬರಿನಲ್ಲಿ ಮತ್ತೆ ಅಷ್ಟೇ ದಪ್ಪ ಲೇಪ ಕೂರಿಸಿದೆ. ಪದರವಿಲ್ಲ, ಒಂದೇ ಗಟ್ಟಿ. ಅದೇ ಬಣ್ಣ ಬಂತು.

ಯಂತ್ರಕ್ಕೆ ನಾನೇ ಕಟ್ಟಿದೆ. ಈ ಸಲ ಗಾರ್ಡ್ ಪ್ಲಾಸ್ಟಿಕ್ಕಿನದಲ್ಲ, ದಪ್ಪ ಕಬ್ಬಿಣದ ತಗಡು. ಒಬ್ಬಳೇ ಮಾಡಬೇಕೆಂದಿದ್ದೆ. ಅವರಿಗೆ ಹೇಗೆ ತಿಳಿಯಿತೋ, ಗೋಡೆ ಹಿಡಿದುಕೊಂಡು ವರ್ಕ್‌ಶಾಪಿಗೆ ಬಂದುಬಿಟ್ಟರು. ಅವತ್ತಿನ ಮೇಲೆ ಅಲ್ಲಿಗೆ ಕಾಲಿಟ್ಟವರಲ್ಲ.

"ಬಿಗಿ ಮಾಡಿದ್ಯಾ?" ಎಂದರು.

"ಮಾಡಿದೀನಿ."

"ನೋಡ್ತೀನಿ ತಾಳು." ಯಂತ್ರ ನಿಂತೇ ಇತ್ತು. ಕೈ ಹಾಕಿ ಕಟರಿನ ಬುಡ ಮುಟ್ಟಿದರು, ಸ್ಪ್ಯಾನರ್ ಕೇಳಿದರು, ಇನ್ನೊಂದು ಎಳೆಯಷ್ಟು ತಿರುಗಿಸಿದರು. "ಇನ್ನು ಇದಕ್ಕಿಂತ ಬಿಗಿ ಆಗಲ್ಲ" ಎಂದರು. ಅವರನ್ನು ಗೋಡೆಯ ಆಚೆ ಸ್ಟೂಲಿನ ಮೇಲೆ ಕೂರಿಸಿ ಸ್ವಿಚ್ ಹಾಕಿದೆ.

ಮೊದಲು ಚೆನ್ನಾಗಿ ಕೊರೆಯಿತು. ಅದೇ ಹೆಚ್ಚು ಹಿಂಸೆ. ಮುರಿಯದಿದ್ದರೆ ಅವತ್ತು ಸಡಿಲ ಕಟ್ಟಿದ್ದು ಅವರೇ, ನನ್ನದೇನೂ ತಪ್ಪಿಲ್ಲ. ಅದು ಮುರಿಯದೆ ಇರಲಿ ಎಂದು ಬಯಸಿದೆನೋ, ಮುರಿಯಲಿ ಎಂದೋ, ನನಗೇ ಗೊತ್ತಿಲ್ಲ. ಆಮೇಲೆ ಕೀರಲು ದನಿ ಎದ್ದಿತು. ಒಡೆಯಿತು. ತಗಡಿನ ಮೇಲೆ ಚೂರುಗಳು ಮಳೆ ಹನಿ ಬಿದ್ದ ಹಾಗೆ ಬಿದ್ದವು.

ಯಂತ್ರ ನಿಲ್ಲಿಸಿದೆ. ಅವರು ಅಲ್ಲಿಂದಲೇ, "ಹೀಗೇ ಕಿರುಚಿತ್ತು" ಎಂದರು.

ನಾನು ನೆಲದ ಮೇಲೆ ಕೂತುಬಿಟ್ಟೆ. "ನೀವು ಸಡಿಲ ಕಟ್ಟಿರಲಿಲ್ಲ" ಎಂದೆ. "ನನ್ನ ಲೇಪಾನೇ ನಿಮ್ಮ ಕಣ್ಣು ತೆಗೀತು. ಯಾರಿಗಾದ್ರೂ ಹೊಳೀತಿತ್ತಂತೆ, ಬರೆದು ಕೊಟ್ಟಿದಾರೆ."

ಅವರು ನನ್ನ ದನಿ ಹಿಡಿದು ಬಂದರು. ಚೂರು ತುಳಿದಾರೆಂದು ನಾನೇ ಎದ್ದು ಕೈ ಹಿಡಿದೆ.

"ಇಪ್ಪತ್ತು ವರ್ಷ ಈ ಯಂತ್ರದ ಮುಂದೆ ನಿಂತವನು ನಾನು" ಎಂದರು. "ನನಗಿಂತ ಕಸುಬು ಬಲ್ಲೋನನ್ನ ಎಲ್ಲಿಂದ ತರ್ತಾರೆ ಅವರು? ಮೊದಲೇ ಹೊಳೆಯೋ ಹಾಗಿದ್ರೆ, ಅದರ ಮುಂದೆ ಮುಖ ಇಟ್ಕೊಂಡು ನಿಲ್ತಿದ್ನೇನೇ ನಾನು?"

ಮರುಪರಿಶೀಲನೆ ಬೇಡವೆಂದು ನಿಮ್ಮ ಸೀನಿಯರಿಗೆ ಹೇಳು. ಅವರ ಆ ಕಾಗದವನ್ನು ಸುಳ್ಳೆಂದು ಅವರ ಬಾಯಿಂದಲೇ ಹೇಳಿಸಲು ನನಗೆ ಮನಸ್ಸಿಲ್ಲ. ಆದೇಶದಲ್ಲಿ ಬರೆದದ್ದು ಹಾಗೇ ಉಳಿಯಲಿ.

ಕಸ ಗುಡಿಸುವುದು ಇನ್ನೂ ಆಗಿಲ್ಲ. ಸಣ್ಣ ಚೂರುಗಳು, ಬೆಳಕು ಬಿದ್ದ ಕಡೆ ಮಾತ್ರ ಕಾಣುತ್ತವೆ. ಅವರು ಬರಿಗಾಲಿನಲ್ಲಿ ಓಡಾಡುತ್ತಾರೆ, ಮೊದಲು ಆ ಕೆಲಸ ಮಾಡುತ್ತೇನೆ.

ಅಕ್ಕ